ಕರಿಹಲಗೆಯ ಮೇಲೆ ‘ಎಲ್ಲಾ ಶಾಂತ’

ಇದರಲ್ಲಿ ನಾನು ಕಂಡದ್ದೆಷ್ಟು, ಆಮೇಲೆ ಕೇಳಿ ಸೇರಿಸಿಕೊಂಡದ್ದೆಷ್ಟು ಎಂಬುದು ನನಗೇ ಗೊತ್ತಿಲ್ಲ. ಸುದ್ದಿ ತಂದ ಬಸ್ ಕಂಡಕ್ಟರನ ಅಂಗಿಯ ತುಂಬ ರಕ್ತವಿತ್ತೆಂದು ಬಹಳ ವರ್ಷ ಹೇಳುತ್ತ ಬಂದೆ. ತೋಳಿನ ಮೇಲಷ್ಟೇ ಇದ್ದೀತು.

ಎಪ್ಪತ್ತರ ದಶಕದ ಕೊನೆಯ ಮಾತು. ಹತ್ತಿ ತೂಕದ ಮೇಲೆ ಹುಟ್ಟಿದ ಜಗಳ ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ, ಅಲ್ಲಿಂದ ಮುಂಡರಗಿ ಕಡೆಯ ಹಳ್ಳಿಗಳಿಗೆ ಹಬ್ಬಿತ್ತು. ಮೋಸ ಮಾಡಿದರೆಂದು ಹತ್ತಿ ತೂಗುವ ತೂಕದವರನ್ನು ಅಂಗಡಿಯಿಂದ ಬೀದಿಗೆ ಎಳೆದು ಬಡಿಯುತ್ತಿದ್ದರು. ಗದಗದಲ್ಲಿ ನಮ್ಮ ಉಪವಿಭಾಗಾಧಿಕಾರಿ ಸಾಹೇಬರು ಕಚೇರಿಯ ಮಾಳಿಗೆಯ ಮೇಲೆ ಸುದ್ದಿಕೋಣೆ ತೆರೆದರು. ಟೆಲಿಫೋನು, ಪೊಲೀಸ್ ವೈರ್‌ಲೆಸ್ಸು, ತಾರು, ಬಸ್ಸಿನವರ ಬಾಯಿಮಾತು, ಎಲ್ಲವೂ ಬಂದು ಕೂಡುವುದು ಒಂದೇ ಕರಿಹಲಗೆಯ ಮೇಲೆ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದ ಗುಮಾಸ್ತನೆಂದು ಸೀಮೆಸುಣ್ಣ ನನ್ನ ಕೈಗೆ ಬಂತು. ಊರಿಗೊಂದು ಸಾಲು. ಹೊಸ ಸುದ್ದಿ ಬಂದೊಡನೆ ಹಳೆಯದನ್ನು ಒರೆಸಬೇಕೆಂಬುದು ಸಾಹೇಬರ ಕಟ್ಟಪ್ಪಣೆ. ಪೊಲೀಸರನ್ನು ಕಳಿಸಲು ಇದ್ದದ್ದು ಒಂದೇ ವ್ಯಾನು.

ಟೆಲಿಫೋನಿನ ಮುಂದೆ ಕೂತಿದ್ದ ಹಿರಿಯ ಜವಾನನನ್ನು ನಾವೆಲ್ಲ ಚಾಚಾ ಎನ್ನುತ್ತಿದ್ದೆವು. ಅವರ ತಮ್ಮ ಮುಂಡರಗಿ ಸೀಮೆಯ ಒಂದೂರಿನಲ್ಲಿ ತೂಕದವ. ಆ ಊರಿನ ಹೆಸರು ಬೇಡ.

ಮಧ್ಯಾಹ್ನ ಅಲ್ಲಿಂದ ಬಂದ ಬಸ್ಸಿಗೆ ಒಂದು ಗಾಜೂ ಉಳಿದಿರಲಿಲ್ಲ. ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದ.

“ಪೇಟ್ಯಾಗ ಕೊಡ್ಲಿ ಹಿಡದು ಹೊಂಟಾರ್ರೀ. ತೂಕದವ್ನ ಅಂಗಡಿ ಬಾಗಲಾ ಹೊರಗಿಂದ ಹಾಕ್ಯಾರ. ಬೆಂಕಿ ಇಡಾಕ ನಿಂತಾರ.”

ಬರೆದೆ. ಅಷ್ಟರಲ್ಲಿ ವೈರ್‌ಲೆಸ್ಸು ಗೊರಗುಟ್ಟಿತು. ಅದೇ ಊರಿನ ಪೊಲೀಸ್ ಹೊರಠಾಣೆಯಿಂದ ತಾಸಿಗೊಮ್ಮೆ ಬರುವ ವರದಿ: ಎಲ್ಲಾ ಶಾಂತ.

“ಒರಸ್ರಿ ಅದನ್ನ,” ಅಂದರು ಸಾಹೇಬರು. “ಬಸ್ಸಿನ ಸುದ್ದಿ ಹಳೇದಾತು. ಇದು ಈಗಿಂದು.”

ಚಾಚಾ ಎದ್ದರು. “ಸಾಹೇಬ್ರ, ನನ್ನ ತಮ್ಮ ಒಳಗ ಅದಾನ್ರೀ. ಗಾಡಿ ಅಲ್ಲಿಗೆ ಕಳಸ್ರಿ.”

“ಶಾಂತ ಐತಿ ಅಂತ ಹೇಳ್ಯಾರಲ್ಲೋ. ಕುಂಡ್ರು.”

ಕಂಡಕ್ಟರ್ ನಕ್ಕ. “ಸುಟ್ಟ ಮ್ಯಾಲೆ ಎಲ್ಲಾರೂ ಶಾಂತನ ಇರ್ತಾರ ಬಿಡ್ರಿ.”

ಎರಡೂ ಸುದ್ದಿ ಹಲಗೆಯ ಮೇಲಿರಲಿ ಎಂದು ನಾನು ವಾದಿಸಿದ ನೆನಪಿದೆ. ಆ ನೆನಪನ್ನು ನಾನು ನಂಬುವುದಿಲ್ಲ.

ವ್ಯಾನು ಲಕ್ಷ್ಮೇಶ್ವರದ ಕಡೆ ಹೋಯಿತು. ಚಾಚಾ ಸಾಹೇಬರ ಕೊರಳಪಟ್ಟಿಗೆ ಕೈ ಹಾಕಿದರು. ಪೇದೆಯೊಬ್ಬ ಲಾಠಿಯಿಂದ ಅವರ ಮೊಣಕೈಗೆ ಹೊಡೆದ. ಎಲುಬು ಮುರಿದ ಸದ್ದು ಕೋಣೆಗೆಲ್ಲ ಕೇಳಿಸಿತು. ಮುರಿದ ಕೈಯನ್ನು ಎದೆಗೊತ್ತಿಕೊಂಡು ಅವರು ಮೆಟ್ಟಿಲಿಳಿದರು. “ನಡಿ ಚಾಚಾ, ಯಾವದರ ಲಾರಿ ಹಿಡಿಯೂಣು,” ಎನ್ನುತ್ತ ಕಂಡಕ್ಟರ್ ಹಿಂದೆ ಓಡಿದ.

ಅವರು ತಲುಪುವಷ್ಟರಲ್ಲಿ ಅಂಗಡಿಯ ಛಾವಣಿ ಕುಸಿದಿತ್ತು. ಹತ್ತಿ ಇನ್ನೂ ಉರಿಯುತ್ತಿತ್ತು. ತಮ್ಮನ ಹೆಣ ಬಾಗಿಲಿಗೆ ಒತ್ತಿಕೊಂಡೇ ಸಿಕ್ಕಿತಂತೆ. ಕದದ ಮೇಲೆ ಉಗುರಿನ ಗೆರೆಗಳಿದ್ದವಂತೆ. ಇದನ್ನೆಲ್ಲ ಕಂಡಕ್ಟರ್ ಹೇಳಿದ್ದು. ನಾನು ನೋಡಿಲ್ಲ.

ಎಂಬತ್ತರ ದಶಕದಲ್ಲಿ ಒಂದು ಮದುವೆಗೆಂದು ಆ ಊರಿಗೆ ಹೋದವನು ಹೊರಠಾಣೆಯನ್ನು ಹುಡುಕಿಕೊಂಡು ಹೋದೆ. ಅಂದು ‘ಎಲ್ಲಾ ಶಾಂತ’ ಎಂದು ಕಳಿಸಿದ ವೈರ್‌ಲೆಸ್ ಕೋಣೆ ಪೇಟೆಗೆ ಬೆನ್ನು ಮಾಡಿ ಹಿತ್ತಲ ಕಡೆಗಿತ್ತು. ಅದಕ್ಕೆ ಕಿಟಕಿ ಇರಲಿಲ್ಲ. ಗೋಡೆಗಳನ್ನು ಮುಟ್ಟಿ ನೋಡಿದೆ. ಹಿಂದೆಂದೋ ಇದ್ದ ಕಿಟಕಿಯನ್ನು ಮುಚ್ಚಿದ ಗುರುತೂ ಇರಲಿಲ್ಲ.