ಹಸಿ ಮೀನು ಅಂದರೆ

ನರೇಗಲ್ಲಿನ ಸಂತೆಯಲ್ಲಿ ಮೀನು ಎಂದರೆ ಎರಡೇ ಜಾತಿ. ಸಮುದ್ರದ ಕಡೆಯಿಂದ ಗೋಣಿಚೀಲದಲ್ಲಿ ಬರುವುದು ಒಣ ಮೀನು. ಹೊಳೆಆಲೂರಿನಲ್ಲಿ ನನ್ನ ಗಂಡ ಬೆಳಿಗ್ಗೆ ಮಲಪ್ರಭೆಯಿಂದ ಹಿಡಿದು, ನಾನು ಬುಟ್ಟಿಯಲ್ಲಿ ಹೊತ್ತು ಮಾರುತ್ತಿದ್ದದ್ದು ಹಸಿ ಮೀನು. ಹಾಗಾಗಿ ಮಗಳು ಸಿಂಗಾಪುರದಿಂದ ಎಸ್‌ಟಿಡಿ ಅಂಗಡಿಗೆ ಫೋನು ಮಾಡಿ, "ಅವ್ವಾ, ನೀ ಬಾ, ನನ್ನ ಕೈಯಾರೆ ಹಸಿ ಮೀನ ತಿನ್ನಸ್ತೇನಿ" ಎಂದಾಗ ನನಗೇನೂ ವಿಶೇಷ ಕಾಣಲಿಲ್ಲ.

"ತಿಂತೇನಿ ತಗೋ. ಹುಟ್ಟಿದಾಗಿಂದ ಅದನ್ನ ತಿಂದೇನಿ" ಎಂದೆ.

ಮಗಳು ಮೊದಲು ಗೋವಾದ ಹೋಟೆಲಿನಲ್ಲಿದ್ದಳು. ಅಲ್ಲಿಂದ ಸಿಂಗಾಪುರದ ಒಂದು ಜಪಾನಿ ಹೋಟೆಲಿಗೆ ಹೋಗಿ, ಮೂರು ವರ್ಷ ಹಿಂದಿನ ಕೋಣೆಯಲ್ಲಿ ಅಕ್ಕಿ ತೊಳೆದಳು, ಮೀನಿನ ಹುರುಪೆ ಕೆರೆದಳು. ಕತ್ತಿ ಮಾತ್ರ ಕೈಗೆ ಸಿಕ್ಕಿರಲಿಲ್ಲ.

ನಾನು ಸಿಂಗಾಪುರಕ್ಕೆ ಹೋದ ಮಾರನೇ ದಿನವೇ ಅಲ್ಲಿಗೆ ಕರೆದೊಯ್ದಳು. ಆ ಹೋಟೆಲು ಮೂರನೇ ಮಹಡಿಯಲ್ಲಿ. ಬಾಗಿಲಿನಲ್ಲೇ ಆಳೆತ್ತರದ ಗಾಜಿನ ತೊಟ್ಟಿ, ಒಳಗೆ ಜೀವಂತ ಮೀನು, ಮೊರದಷ್ಟು ಅಗಲದ ಏಡಿ. ಬೇಸಿಗೆಯಲ್ಲಿ ನಮ್ಮ ಹೊಳೆಯಲ್ಲೂ ಇಷ್ಟು ನೀರು ಇರುವುದಿಲ್ಲ. ಇವರು ಅದನ್ನು ಮೂರು ಮಾಳಿಗೆ ಮೇಲೆ ಹತ್ತಿಸಿದ್ದಾರೆ. ನಾನು ಬಾಯಿ ತೆರೆದು ನಿಂತೆ. ಮಗಳು ತೋಳು ಹಿಡಿದು ಎಳೆದಳು.

"ಇವತ್ತ ಮೊದಲನೇ ಸಲ ಕತ್ತಿ ಹಿಡದು ಹಲಗಿ ಮುಂದ ನಿಂದರ್ತೇನಿ. ಒಬ್ಬ ಗಿರಾಕಿನ ಕರಕೊಂಡ ಬಾ ಅಂದಾನ ನಮ್ಮ ಮುದುಕ. ಗಿರಾಕಿ ಒಂದ ತುಂಡ ಬಿಟ್ರೂ ನಾ ಮತ್ತ ಅಕ್ಕಿ ತೊಳ್ಯಾಕ ಹೋಗಬೇಕ."

"ಬಿಡೂದಿಲ್ಲ ಬಿಡು" ಎಂದೆ.

ಮುದುಕ ಅಲ್ಲಿಯ ದೊಡ್ಡ ಅಡುಗೆಯವ, ಜಪಾನಿನವನೇ. ಮಾತಿಲ್ಲ, ನಗುವಿಲ್ಲ. ಮಗಳು ಮೊಳದುದ್ದದ ಕತ್ತಿ ತೆಗೆದಳು. ನಾವು ಈಳಿಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಮೀನನ್ನು ಅದಕ್ಕೆ ನೂಕುತ್ತೇವೆ. ಇಲ್ಲಿ ಮೀನು ಸುಮ್ಮನೆ ಮಲಗಿತ್ತು, ಕತ್ತಿಯೇ ಹೋಗಿ ಬರುತ್ತಿತ್ತು. ಒಂದು ತುಂಡಿಗೆ ಒಂದೇ ಎಳೆತ. ತೆಳು ತುಂಡಿನೊಳಗಿಂದ ಹಲಗೆಯ ಗೆರೆ ಕಾಣುತ್ತಿತ್ತು. ಇವಳನ್ನು ನಾನೇ ಹೆತ್ತೆನೇ ಎನ್ನಿಸಿತು.

ಆರು ತುಂಡು ನನ್ನ ಮುಂದಿಟ್ಟಳು. ನಾನು ಕಾದೆ. ಅವಳೂ ಕಾದಳು. ಮುದುಕನೂ ಕಾದ.

"ಒಲಿ ಎಲ್ಲೈತಿ?"

"ಯಾವ ಒಲಿ?"

"ಇದನ್ನ ಕುದಸೂದಿಲ್ಲೇನ?"

ಅವಳ ಮುಖ ಕಪ್ಪಿಟ್ಟಿತು. "ಹಸಿ ಮೀನ ಅಂತ ಫೋನಿನ್ಯಾಗ ಹೇಳಿದ್ನಲ್ಲವ್ವಾ!"

"ಹಸೀದು ಅಂದ್ರ ಒಣಗಿದ್ದಲ್ಲ ಅಂತ ತಿಳಕೊಂಡೆ. ಬೆಕ್ಕಿನಂಗ ತಿನ್ನಬೇಕಂತ ಎಲ್ಲಿ ಹೇಳಿದಿ?"

"ಸಾವಕಾಶ ಮಾತಾಡ. ಮುದುಕ ನೋಡಾಕತ್ತಾನ."

ತಟ್ಟೆ ಹಿಂದಕ್ಕೆ ನೂಕಲು ಕೈ ಹಾಕಿದೆ. ಆದರೆ ಮೂರು ವರ್ಷ ನೀರಲ್ಲಿ ನೆಂದು ಬಿಳಿಚಿದ ಅವಳ ಬೆರಳು ಹಲಗೆಯ ಮೇಲಿದ್ದವು. ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡೆ.

ತಣ್ಣಗಿತ್ತು. ನಾರುತ್ತಿರಲಿಲ್ಲ. ಅಗಿಯುವ ಮೊದಲೇ ಬೆಣ್ಣೆಯಂತೆ ಜಾರಿತು, ಹಿಂದೆ ಸಣ್ಣ ಸಿಹಿ ಉಳಿಯಿತು. ನಲವತ್ತು ವರ್ಷ ಮೀನು ಮಾರಿದವಳು ನಾನು, ಮೀನಿನ ರುಚಿ ಅಂದು ಗೊತ್ತಾಯಿತು. ಅಲ್ಲಿಯವರೆಗೆ ತಿಂದದ್ದು ಖಾರ ಮತ್ತು ಹುಣಸೆಹುಳಿ. ಆಮೇಲೆ ಉಳಿದ ಐದೂ ತಿಂದೆ.

ಮುದುಕ ಏನೋ ಕೇಳಿದ. ಹೇಗಿತ್ತು ಅಂತ ಕೇಳುತ್ತಿದ್ದಾನೆ ಎಂದಳು ಮಗಳು.

"ಎರಡನೇ ತುಂಡ ಒಂದ ಕಡೆ ದಪ್ಪಿತ್ತು ಅಂತ ಹೇಳು."

"ಅವ್ವಾ, ನಿನ್ನ ಕೈ ಮುಗೀತೇನಿ!"

"ಖರೇ ಅದನ್ನ ಹೇಳು. ಉಳದದ್ದು ಭಾಳ ಚಲೋ ಅದಾವು, ಅದನ್ನೂ ಹೇಳು."

ತಲೆ ತಗ್ಗಿಸಿ ಹೇಳಿದಳು. ಮುದುಕ ನನ್ನನ್ನೊಮ್ಮೆ, ಖಾಲಿ ತಟ್ಟೆಯನ್ನೊಮ್ಮೆ ನೋಡಿದ. ಮಂಜುಗಡ್ಡೆಯಿಂದ ಇನ್ನೊಂದು ಇಡೀ ಮೀನು ತೆಗೆದು ಮಗಳ ಹಲಗೆಯ ಮೇಲಿಟ್ಟು, ಪಕ್ಕದಲ್ಲಿ ಕುಳಿತಿದ್ದ ಇಬ್ಬರು ಗಿರಾಕಿಗಳ ಕಡೆ ಕೈ ತೋರಿಸಿದ. ಆಮೇಲೆ ಅಕ್ಕಿ ತೊಳೆಯಲು ತಾನೇ ಹಿಂದಿನ ಕೋಣೆಗೆ ಹೋದ.

ಮಗಳು ಮತ್ತೆ ಕತ್ತಿ ಎತ್ತಿದಳು. ನಾನು ಮುಂದಕ್ಕೆ ಬಾಗಿದೆ.

"ಏ ಹುಡುಗಿ, ಮೀನಿನ ತಲಿ ಒಗಿಬ್ಯಾಡ. ಸಂಜಿಗೆ ಸಾರ ಮಾಡ್ತೇನಿ."