ತೊಗರಿ ಕಟ್ಟಿಗೆಯ ಇದ್ದಿಲು

ಪ್ಲಾಟಿನಂ ನನಗೆ ಸಿಕ್ಕಿತ್ತು. ಬೀದರಿನ ಕಾಲೇಜಿನಲ್ಲಿ ಎಂ.ಎಸ್ಸಿ. ಕೊನೆಯ ವರ್ಷ, ಲ್ಯಾಬಿನಲ್ಲಿ ಉಳಿದದ್ದು ಒಂದೇ ಪುಟ್ಟ ಸೀಸೆ, ಅಂಕ ನನಗೇ ಹೆಚ್ಚು. ಭಾಲ್ಕಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಮಿಶನ್ ಶಾಲೆಯ ಟೀಚರ್ ಮಗಳು ನಾನು, ಸೊಕ್ಕು ಇಲ್ಲದೆ ಇರುತ್ತದೆಯೇ? ನಾವು ಮಾಡುತ್ತಿದ್ದ ಸೌರಕೋಶವೆಂದರೆ ಎರಡು ಗಾಜಿನ ಚೂರು. ಒಂದರ ಮೇಲಿನ ಬಣ್ಣ ಬಿಸಿಲು ಕುಡಿದು ಕರೆಂಟು ಬಿಡುತ್ತದೆ; ಹೊರಗೆ ಸುತ್ತಿ ಬಂದ ಆ ಕರೆಂಟನ್ನು ಇನ್ನೊಂದರ ಮೇಲಿನ ಪ್ಲಾಟಿನಂ ಮತ್ತೆ ಒಳಗೆ ಕರೆದುಕೊಳ್ಳುತ್ತದೆ.

ಪಕ್ಕದ ಮೇಜಿನವಳು ಔರಾದ ತಾಲ್ಲೂಕಿನ ಠಾಣಾ ಕುಶನೂರದವಳು, ನನಗಿಂತ ಒಂದು ವರ್ಷ ಚಿಕ್ಕವಳು. ಪ್ಲಾಟಿನಂ ಇಲ್ಲ ಎಂದಾಗ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ. ಹೊಲದಿಂದ ತೊಗರಿ ಕಟ್ಟಿಗೆ ತಂದು, ಲ್ಯಾಬಿನ ಭಟ್ಟಿಯಲ್ಲಿ ಸುಟ್ಟು, ಇದ್ದಿಲು ಅರೆದು ಗಾಜಿಗೆ ಬಳಿದಳು.

"ಏನ, ಒಲಿ ಹಚ್ಲಿಕ್ಕ ಹೊಂಟೀಯೇನ?" ಎಂದು ನಕ್ಕೆ.

"ನಗ್ರಿ ಅಕ್ಕಾ, ನಗ್ರಿ. ನಮ್ಮ ಮನ್ಯಾಗ ಮತ್ತೇನದ ಹೇಳ್ರಿ," ಎಂದು ಅವಳೂ ನಕ್ಕಳು.

ಆ ಇದ್ದಿಲು ಕೆಲಸ ಮಾಡಿತು! ನನ್ನ ಪ್ಲಾಟಿನಂಗಿಂತ ಕೂದಲೆಳೆಯಷ್ಟು ಕಡಿಮೆ, ಅಷ್ಟೇ. ನಮ್ಮ ಲ್ಯಾಬಿನ ಸರ್ ಅವಳ ಮೇಜು ಬಿಟ್ಟು ಕದಲಲಿಲ್ಲ. "ಪ್ಲಾಟಿನಂ ಯಾರರೆ ಹಚ್ತಾರ. ಇದು ನೋಡ್ರಿ, ಇದಕ್ಕ ತಲಿ ಬೇಕು!" ನಾನು ನನ್ನ ಪ್ಲಾಟಿನಂ ಸೀಸೆಯ ಮುಚ್ಚಳ ಬಿಗಿದು ಮೇಜಿನ ಮೂಲೆಗೆ ತಳ್ಳಿದೆ. ಹೈದರಾಬಾದಿನ ವಿಜ್ಞಾನ ಸಮ್ಮೇಳನಕ್ಕೆ ಹೋಗುವವರು ಒಬ್ಬರೇ. ಶನಿವಾರ ಹೊರಗಿನ ಪರೀಕ್ಷಕರ ಮುಂದೆ ಇಬ್ಬರೂ ಹೊಸ ಕೋಶ ಕಟ್ಟಿ ತೋರಿಸಬೇಕು, ಗೆದ್ದವರಿಗೆ ಆ ಜಾಗ.

ಕೋಶ ಕಟ್ಟುವ ಗಾಜಿಗೆ ಎರಡು ಮಗ್ಗುಲು, ಕಣ್ಣಿಗೆ ಎರಡೂ ಒಂದೇ. ಕರೆಂಟು ಹರಿಯುವುದು ಒಂದರಲ್ಲಿ ಮಾತ್ರ. ಮೀಟರಿನ ಕಡ್ಡಿ ಇಟ್ಟಾಗ ಕುಯ್ ಎಂದರೆ ಅದೇ ಸರಿಯಾದ ಮಗ್ಗುಲು. ಶನಿವಾರ ಅವಳ ಎರಡೂ ಕೈ ಇದ್ದಿಲ ಕೆಸರಾಗಿದ್ದವು. ಮೀಟರು ನನ್ನ ಕೈಯಲ್ಲಿತ್ತು.

"ಅಕ್ಕಾ, ಇದರ ಮಾರಿ ಯಾವ ಕಡಿಗದ, ನೋಡಿ ಇಡ್ರಿ."

ನೋಡಿದೆ. ತಿಳಿದೂ ತಿಳಿದೂ ತಿರುವಿಟ್ಟೆ. "ಇದೇ ನೋಡು," ಎಂದೆ. ಅಯ್ಯೋ, ಈ ನಾಲಿಗೆ ಒಂದಿಷ್ಟಾದರೂ ತಡವರಿಸಬಾರದಿತ್ತೇ!

ಅವಳು ಅದರ ಮೇಲೆಯೇ ಬಳಿದು ಒಣಗಿಸಿದಳು. ಪರೀಕ್ಷಕರು ಬಿಸಿಲಿಗೆ ಹಿಡಿದರೆ ಸೊನ್ನೆ. ಅವಳು ಕೋಶ ಬಿಚ್ಚಿ, ಗಾಜಿನ ಬೋಳು ಮಗ್ಗುಲಿಗೆ ಮೀಟರಿನ ಕಡ್ಡಿ ಇಟ್ಟಳು. ಕುಯ್ ಎಂದಿತು. ತಲೆಯೆತ್ತಿ ನನ್ನನ್ನು ನೋಡಿದಳು. ಮುಗಿಯಿತು ನನ್ನ ಕಥೆ ಎಂದುಕೊಂಡೆ.

"ಯಾರ್ ನೋಡಿ ಇಟ್ಟಾರ ಈ ಗಾಜು?" ಸರ್ ಕೇಳಿದರು.

"ನಾನೇ ರಿ ಸರ್. ಗಡಿಬಿಡ್ಯಾಗ ತಿರುವಿಟ್ಟೀನಿ," ಎಂದಳು ಅವಳು.

ಹೈದರಾಬಾದಿಗೆ ನಾನು ಹೋದೆ, ಚಪ್ಪಾಳೆಯೂ ಬಿತ್ತು. ಅವಳ ಮೇಲಿನ ಹೊಟ್ಟೆಕಿಚ್ಚು ಇಂದಿಗೂ ಆರಿಲ್ಲ. ಮೊದಲು ಇದ್ದಿಲಿಗಿತ್ತು, ಈಗ ಆ ಒಂದು ಮಾತಿಗೆ. ಅವಳ ಜಾಗದಲ್ಲಿ ನಾನಿದ್ದರೆ ಇಡೀ ಕಾಲೇಜಿಗೆ ಕೇಳುವಂತೆ ಕೂಗುತ್ತಿದ್ದೆ.

ತಿರುಗಿ ಬಂದ ಸೋಮವಾರ ಅವಳು ಎಂದಿನಂತೆ ತನ್ನ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಟ್ಟಳು. ಆಮೇಲೆ, ಕೈ ಇದ್ದಿಲಿಗೆ ಹಾಕುವ ಮೊದಲು, ತನ್ನ ಗಾಜುಗಳನ್ನೆಲ್ಲ ಒಂದೊಂದಾಗಿ ತಾನೇ ಮೀಟರಿಟ್ಟು ನೋಡಿಕೊಂಡಳು.