ಗಾಣ ನಿಲ್ಲುವ ಒಂಬತ್ತು ಸೆಕೆಂಡು

ಮದ್ದೂರಿನ ನಾಜಿಮಾಳ ಲೆಕ್ಕದಲ್ಲಿ ಜಗತ್ತಿನಲ್ಲಿ ಬುದ್ಧಿವಂತರು ಇಬ್ಬರೇ. ಒಬ್ಬ ಅವಳಪ್ಪ ಕರೀಂ. ಇನ್ನೊಬ್ಬರು ಯಾರೆಂದು ಬಾಯಿಬಿಟ್ಟು ಹೇಳುವಷ್ಟು ನಾಚಿಕೆಗೆಟ್ಟವಳಲ್ಲ. ಉಳಿದವರನ್ನು ಕಂಡರೆ ಮೂಗು ಮುರಿಯುವುದೇ ಅವಳ ಕೆಲಸ. ಅದರಲ್ಲೂ ಅವಳು ಕೆಲಸಕ್ಕಿದ್ದ ಆಫೀಸಿನ ಮಾಲೀಕ ಪ್ರಸನ್ನ! ಗೆಜ್ಜಲಗೆರೆಯ ಟೈರ್ ಅಂಗಡಿಯ ಮೇಲೆ ಮೂರು ಕಂಪ್ಯೂಟರ್ ಇಟ್ಟು, ಗೇಮ್ ಸ್ಟುಡಿಯೊ ಎಂದು ಬೋರ್ಡು ಹಾಕಿಸಿದವನು.

ಅವಳ ತಾತ್ಸಾರ ತಪ್ಪು ಎನ್ನುವಂತೆಯೂ ಇಲ್ಲ. ಪ್ರಸನ್ನನಿಗೆ ಬರುತ್ತಿದ್ದುದು ಬೋರ್ಡು ಬರೆಸುವುದು, ಕಾರ್ಡು ಹಂಚುವುದು. ಪರದೆಯ ಮೇಲಿನ ಬಾಗಿಲು ಯಾವಾಗ ತೆರೆಯಬೇಕು, ಚಕ್ರ ಯಾವಾಗ ತಿರುಗಿ ಯಾವಾಗ ನಿಲ್ಲಬೇಕು ಎಂದು ಸಾಲುಸಾಲಾಗಿ ಬರೆದು, ಆಟ ನಡೆಸುವ ಸಾಫ್ಟ್‌ವೇರ್ ಆದ ಗೇಮ್ ಎಂಜಿನ್‌ಗೆ ಹೇಳಿಕೊಡುತ್ತಿದ್ದವಳು ನಾಜಿಮಾ.

ಹೋದ ವರ್ಷ ಕೆರಗೋಡು ಕಡೆಯ ಆಲೆಮನೆ ಮಾಲೀಕರ ಸಂಘದಿಂದ ಒಂದು ಕೆಲಸ ಬಂತು. ಗಾಣಕ್ಕೆ ಕಬ್ಬು ಕೊಡುವ ಹೆಂಗಸರ ಕೈ ಉರುಳೆಗೆ ಸಿಕ್ಕಿಕೊಳ್ಳುವುದು ಆಗಾಗ ಆಗುತ್ತಿತ್ತು. ಕೆಲಸಕ್ಕೆ ಸೇರುವವರಿಗೆ ಕಂಪ್ಯೂಟರಿನಲ್ಲಿ ಆಟದ ಹಾಗೆ ತೋರಿಸಿ ಕಲಿಸಬೇಕು: ಕಬ್ಬು ಸಿಕ್ಕಿಕೊಂಡರೆ ಕೆಂಪು ಬಟನ್ ಒತ್ತು, ಗಾಣ ನಿಲ್ಲಲಿ, ಆಮೇಲೆ ಕೈ ಹಾಕು.

"ಒತ್ತಿದ ತಕ್ಷಣ ನಿಲ್ಸು. ನೋಡಕ್ಕೆ ನೀಟಾಗಿರ್ತದೆ" ಎಂದ ಪ್ರಸನ್ನ.

"ಕೈಯೂ ನೀಟಾಗಿ ಓಯ್ತದೆ ಸಾರ್" ಎಂದಳು ನಾಜಿಮಾ.

ಮೋಟರು ಆಫ್ ಆದರೂ ಉರುಳೆ ಒಡನೆ ನಿಲ್ಲುವುದಿಲ್ಲ. ಮೂವತ್ತು ವರ್ಷದಿಂದ ಗಾಣ ರಿಪೇರಿ ಮಾಡುವ ಕರೀಂ ಫೋನಿನ ಗಡಿಯಾರ ಹಿಡಿದು ಅಳೆದು, ಒಂಬತ್ತು ಸೆಕೆಂಡು ಎಂದಿದ್ದ. ಅವಳು ಒಂಬತ್ತೇ ಇಟ್ಟಳು.

ಇಟ್ಟದ್ದು ಹೇಗೆ ಎನ್ನುವುದರಲ್ಲಿದೆ ಅವಳ ಘನಂದಾರಿತನ. ಆಫೀಸಿನ ಕಂಪ್ಯೂಟರಿನಲ್ಲಿ ಪರದೆಯ ಚಿತ್ರ ಸೆಕೆಂಡಿಗೆ ಅರವತ್ತು ಸಲ ಬದಲಾಗುತ್ತಿತ್ತು. ಬೇರೆ ಕಂಪ್ಯೂಟರಿನಲ್ಲಿ ಆ ಲೆಕ್ಕವೇ ಬೇರೆ. ಆದ್ದರಿಂದ ಗಡಿಯಾರ ನೋಡಿ ನಿಲ್ಲಿಸಬೇಕೇ ಹೊರತು ಚಿತ್ರ ಎಣಿಸಿ ನಿಲ್ಲಿಸಬಾರದು. ಇದು ಅವಳಿಗೆ ಗೊತ್ತಿರಲಿಲ್ಲವೇ? ಹೊಸದಾಗಿ ಸೇರಿದ್ದ ಶೋಭಿತಾ ಇದೇ ತಪ್ಪು ಮಾಡಿದಾಗ, "ನಮ್ ಬೀದಿ ಮೇಕೆಗೂ ಇದು ಗೊತ್ತು ಕಣಮ್ಮ" ಎಂದು ಎಲ್ಲರೆದುರು ಹೀಯಾಳಿಸಿದ್ದಳು. ಆದರೆ ಆವತ್ತು ಅವಸರ. ಐನೂರ ನಲವತ್ತು ಚಿತ್ರವಾದ ಮೇಲೆ ಉರುಳೆ ನಿಲ್ಲಲಿ ಎಂದು ಬರೆದು ಬಸ್ಸು ಹಿಡಿದಳು.

ತೋರಿಸುವ ದಿನ ಪ್ರಸನ್ನ ಗತ್ತಿಗೆಂದು ಭಾವಮೈದನ ಹೊಸ ಲ್ಯಾಪ್‌ಟಾಪ್ ತಂದ. ಆಲೆಮನೆಯ ಅಂಗಳದಲ್ಲಿ ಮಾಲೀಕರು ಕುರ್ಚಿಯಲ್ಲಿ, ಕಬ್ಬು ಕೊಡುವ ಹೆಂಗಸರು ನೆಲದಲ್ಲಿ. ಆ ಲ್ಯಾಪ್‌ಟಾಪಿನಲ್ಲಿ ಸೆಕೆಂಡಿಗೆ ನೂರ ಎಂಬತ್ತು ಚಿತ್ರ ಓಡುತ್ತಿತ್ತು. ಬಟನ್ ಒತ್ತಿ ಮೂರೇ ಸೆಕೆಂಡಿಗೆ ಗಾಣ ನಿಂತುಬಿಟ್ಟಿತು. ಪರದೆಯ ಗೊಂಬೆ ಕೈ ಹಾಕಿ ಕಬ್ಬಿನ ತುಂಡು ಎಳೆದು ಹಲ್ಲು ಕಿರಿಯಿತು. ಸಂಘದ ಅಧ್ಯಕ್ಷ ತಿಮ್ಮಯ್ಯ ಚಪ್ಪಾಳೆ ತಟ್ಟಿ, ಒಪ್ಪಿಗೆಯ ಕಾಗದಕ್ಕೆ ಕೈ ಚಾಚಿದರು.

"ಎಲ್ಲಾ ನಾನೇ ಕೂತು ಮಾಡಿದ್ದು" ಎಂದ ಪ್ರಸನ್ನ.

ನಾಜಿಮಾ ಮೂರೇ ಎಣಿಸಿದ್ದಳು. ಸುಮ್ಮನಿದ್ದರೆ ಸಹಿ ಬೀಳುತ್ತದೆ. ತಿರುಗುವ ಗಾಣಕ್ಕೆ ಕೈ ಹಾಕುವುದನ್ನು ಈ ಹೆಂಗಸರು ತನ್ನಿಂದಲೇ ಕಲಿಯುತ್ತಾರೆ. ಅವಳು ಎದ್ದು ನಿಂತಳು.

"ಸೈನ್ ಆಕ್ಬೇಡಿ. ಒಂಬತ್ತು ಸೆಕೆಂಡು ತಿರುಗ್ಬೇಕಿತ್ತು. ನಾನು ತಪ್ಪು ಬರ್ದಿದೀನಿ."

ಪ್ರಸನ್ನ ತಡಮಾಡಲಿಲ್ಲ. "ಊಂ ಸಾರ್, ಈವಮ್ಮಂದೇ ತಪ್ಪು. ನಾಜಿಮಾ ಅಂತ, ಮದ್ದೂರು ಕರೀಂ ಮಗಳು." ಅವಳು ಕೆಲಸಕ್ಕೆ ಸೇರಿದ ಆರು ವರ್ಷದಲ್ಲಿ ಹೊರಗಿನವರ ಮುಂದೆ ಅವನು ಅವಳ ಹೆಸರು ಎತ್ತಿದ್ದು ಅದೇ ಮೊದಲು.

ಅಲ್ಲಿಗೇ ಮುಗಿದಿದ್ದರೆ ನಾಜಿಮಾ ತಪ್ಪೊಪ್ಪಿಕೊಂಡ ಪುಣ್ಯವಂತೆಯಾಗಿ, ತಲೆಯೆತ್ತಿಯೇ ಮನೆಗೆ ಹೋಗುತ್ತಿದ್ದಳು. ಆದರೆ ನೆಲದಲ್ಲಿ ಕೂತಿದ್ದ ಪುಟ್ಟಮಾದಮ್ಮ, ಇಪ್ಪತ್ತು ವರ್ಷ ಗಾಣಕ್ಕೆ ಕಬ್ಬು ಕೊಟ್ಟವಳು, ಬಾಯಿ ತೆಗೆದಳು.

"ಒಂಬತ್ತು ಅಂತ ಯಾರು ಏಳಿದ್ದು?"

"ನಮ್ಮಪ್ಪ. ಅಳ್ದು ನೋಡವ್ರೆ."

"ಕಬ್ಬು ಇದ್ದಾಗ್ಲೋ, ಖಾಲಿ ಇದ್ದಾಗ್ಲೋ?"

"ಕಬ್ಬು ಇದ್ದಾಗ."

"ಖಾಲಿ ಇದ್ರೆ?"

ಪುಟ್ಟಮಾದಮ್ಮ ಎದ್ದು ಹೋಗಿ ಪಕ್ಕದ ಗಾಣವನ್ನು ಖಾಲಿ ಓಡಿಸಿ ಆಫ್ ಮಾಡಿದಳು. ಒಣಗಿದ ಕಬ್ಬಿನ ಗರಿಯನ್ನು, ಅವರು ರವದಿ ಎನ್ನುವುದನ್ನು, ದೂರದಿಂದಲೇ ಕೋಲಿನಲ್ಲಿ ಉರುಳೆಯ ಬಾಯಿಗೆ ತಳ್ಳಿದಳು. ನಾಜಿಮಾ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಒಂಬತ್ತಕ್ಕೆ ತಳ್ಳಿದ ರವದಿ ಸರ್ರನೆ ಒಳಗೆ ಹೋಯಿತು. ಹನ್ನೊಂದಕ್ಕೆ ತಳ್ಳಿದ್ದೂ ಹೋಯಿತು. ಹದಿನಾಲ್ಕಕ್ಕೆ ತಳ್ಳಿದ್ದು ಇದ್ದಲ್ಲೇ ಉಳಿಯಿತು. ತಡೆಯುವ ಕಬ್ಬಿಲ್ಲದ ಉರುಳೆ ಅಷ್ಟು ಹೆಚ್ಚು ಹೊತ್ತು ತಿರುಗಿತ್ತು.

"ರವದಿ ನಿಂತ್ರೆ ಕೈ ಆಕೋದು. ನಾವ್ಯಾರೂ ಎಣಸಕಿಲ್ಲ" ಎಂದಳು ಪುಟ್ಟಮಾದಮ್ಮ. "ಇಷ್ಟು ತಿಂಗ್ಳು ಕೂತು ಮಾಡುದ್ರಲ್ಲ, ಒಂದಿನ ಬಂದು ನಮ್ಮನ್ನ ಕೇಳಕೇನಾಗಿತ್ತು?"

ನಾಜಿಮಾ, ಆ ಗೊಂಬೆ ಮತ್ತೆ ಕೈ ಹಾಕದ ಹಾಗೆ ಲ್ಯಾಪ್‌ಟಾಪ್ ಮುಚ್ಚಿದಳು.

"ಸರಿ ಮಾಡ್ತೀನಿ ಕಣಮ್ಮ" ಎಂದಳು.

"ಮಾಡವ್ವ. ನೀನ್ ಬರಿಬೇಕು ಅಂದ್ಕಂಡಿದ್ ಒಂಬತ್ತೇ ಬರ್ದಿದ್ರೂ, ನಾಳೆ ಕೆಲ್ಸುಕ್ ಸೇರೋ ನನ್ ಸೊಸೆ ಕೈ ಓಯ್ತಿತ್ತು."